ಕಾಲಡಿಯ ಕರಕರ

ಪೆಡಲ್ ಸ್ಟೀಲ್ ಗಿಟಾರ್ ಅಂದರೆ ಮೇಜಿನ ಹಾಗೆ ಮುಂದಿಟ್ಟುಕೊಂಡು, ಕಾಲಲ್ಲೂ ಪೆಡಲ್ ಒತ್ತುತ್ತಾ ನುಡಿಸುವ ಗಿಟಾರ್. ಅದನ್ನು ನುಡಿಸುವಾಗ ಬಲಗಾಲಿಗೆ ಬಿಡುವೇ ಇಲ್ಲ. ಎಡಗಾಲು ಬೇಕಾದಾಗ ಪೆಡಲ್ ಒತ್ತಿ ಸ್ವರ ಏರಿಸಿ ಸುಮ್ನೆ ಕೂರಬಹುದು. ಬಲಗಾಲು ಹಾಗಲ್ಲ, ಸದ್ದು ಹೆಚ್ಚು ಕಡಿಮೆ ಮಾಡುವ ವಾಲ್ಯೂಮ್ ಪೆಡಲ್ ಕಾಯುತ್ತಲೇ ಇರಬೇಕು. ತಂತಿ ಮೀಟಿದ ಕ್ಷಣದಿಂದ ಸದ್ದು ಕರಗಲು ಶುರು. ಅದು ಕರಗಿದಷ್ಟೂ ಪಾದ ಕೂದಲೆಳೆಯಷ್ಟೇ ಒತ್ತುತ್ತಾ ಹೋಗುತ್ತದೆ. ಕೇಳುವವರಿಗೆ ಸ್ವರ ಹಾಗೇ ನಿಂತಿದೆ ಅನ್ನಿಸುತ್ತದೆ. ಮೋಸವೇ, ಆದರೆ ಸವಿಯಾದ ಮೋಸ.

ನನ್ನ ವಾಲ್ಯೂಮ್ ಪೆಡಲ್ ಈ ಗುಟ್ಟನ್ನು ರಟ್ಟು ಮಾಡತೊಡಗಿತ್ತು. ನಿಧಾನಕ್ಕೆ ಒತ್ತಿದರೆ ಸ್ವರದ ಜೊತೆಗೇ ಕರಕರ, ಯಾರೋ ಮರಳು ಮೆಟ್ಟಿದ ಹಾಗೆ. ಎಲ್ಲರೂ ಮಾಡುವಂತೆ ಒಳಗಿನ ಕೊಳೆ ತೊಳೆಯುವ ಸ್ಪ್ರೇ, ಕಾಂಟ್ಯಾಕ್ಟ್ ಕ್ಲೀನರ್, ಹೊಡೆದೆ. ಎರಡು ವಾರ ತೆಪ್ಪಗಿತ್ತು, ಮತ್ತೆ ಶುರು. ಕೊಳೆಯಾಗಿದ್ದರೆ ತೊಳೆಯಬಹುದು. ಸವೆದದ್ದನ್ನು ತೊಳೆದು ಏನು ಮಾಡೋದು?

ಬಿಚ್ಚಿದರೆ ಒಳಗಿರುವುದು ಇಷ್ಟೇ: ಒಂದು ಪಾಟ್ (ರೇಡಿಯೊದ ವಾಲ್ಯೂಮ್ ಗುಂಡಿಯ ಹಿಂದೆ ಇರುವಂಥದ್ದೇ, ತಿರುಗಿಸಿದರೆ ಸದ್ದು ಏರಿಳಿಸುವ ಭಾಗ), ಅದರ ದಂಡಕ್ಕೆ ಸುತ್ತಿದ ದಾರ, ದಾರವನ್ನು ಬಿಗಿ ಹಿಡಿದ ಸ್ಪ್ರಿಂಗ್. ಹಳೆ ರೇಡಿಯೊದಲ್ಲಿ ಮುಳ್ಳು ಓಡಿಸಲು ದಾರ ಇರುತ್ತಿತ್ತಲ್ಲ, ಅದೇ ಉಪಾಯ.

ಹಳೆ ಪಾಟ್ ಕಿತ್ತ ಮೇಲೆ ಕುತೂಹಲ ತಡೆಯಲಿಲ್ಲ. ತಗಡಿನ ಕಿವಿಗಳನ್ನು ಎಬ್ಬಿಸಿ ತೆರೆದೆ. ಕುದುರೆ ಲಾಳದ ಹಾಗೆ ಬಾಗಿದ ಕಪ್ಪು ಕಾರ್ಬನ್ ಪಟ್ಟಿ. ಉದ್ದಕ್ಕೂ ಸವೆದಿರಬೇಕು ಅಂದುಕೊಂಡಿದ್ದೆ. ಇಲ್ಲ, ಎರಡೂ ತುದಿ ಹೊಸದರ ಹಾಗಿವೆ. ನಡುವೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಮಾತ್ರ ಬಣ್ಣ ಮಾಸಿ, ಹುಲ್ಲಿನ ಮೇಲೆ ಕಾಲುದಾರಿ ಬಿದ್ದಂತೆ ಗೆರೆ ಬಿದ್ದಿತ್ತು. ಇಷ್ಟು ವರ್ಷ ನಾನು ಪಿಸುಗುಟ್ಟಿದ್ದೂ ಇಲ್ಲ, ಗಟ್ಟಿಯಾಗಿ ಕೂಗಿದ್ದೂ ಇಲ್ಲ. ಅಲ್ಲೇ ನಡುವೆ ಓಡಾಡಿಕೊಂಡಿದ್ದೆ. ಸ್ವಲ್ಪ ಬೇಜಾರೂ ಆಯಿತು ಅನ್ನಿ.

ಹೊಸ ಪಾಟ್ 500 ಕಿಲೋ ಓಮ್‌ನದು, ಆಡಿಯೊ ಟೇಪರ್, ಅಂದರೆ ಶುರುವಿಗೆ ಮೆಲ್ಲಗೆ, ಕೊನೆಗೆ ಜೋರಾಗಿ ಏರುವಂಥದ್ದು. ಉದ್ದಕ್ಕೂ ಒಂದೇ ಸಮ ಏರುವ ಲೀನಿಯರ್ ಹಾಕಿದರೆ ಪೆಡಲ್ ಶುರುವಿಗೇ ಸದ್ದೆಲ್ಲ ನುಗ್ಗಿಬಿಡುತ್ತದೆ, ಉಳಿದ ಒತ್ತಿಗೆ ಕೆಲಸವೇ ಇರುವುದಿಲ್ಲ. ನಮ್ಮ ಕಿವಿ ಸದ್ದನ್ನು ಅಳೆಯುವುದು ಕೂಡುವ ಲೆಕ್ಕದಲ್ಲಲ್ಲ, ಗುಣಿಸುವ ಲೆಕ್ಕದಲ್ಲಿ.

ಬೆಸುಗೆ ಸುಲಭ. ಪಾಟ್‌ಗೆ ವೈರ್ ಬೆಸೆಯುವ ಕಡ್ಡಿಗಳು ಇರುವುದೇ ಮೂರು. ಮರೆಯಬಾರದೆಂದು ಮೊದಲೇ ಫೋಟೊ ಬೇರೆ ತೆಗೆದಿಟ್ಟಿದ್ದೆ. ಜೀವ ತಿಂದದ್ದು ದಾರ. ಪಾಟ್ ಸುಮಾರು 300 ಡಿಗ್ರಿ ತಿರುಗುತ್ತದೆ, ಪೆಡಲ್ ಅಷ್ಟು ತಿರುಗಿಸುವುದಿಲ್ಲ. ಹಾಗಾಗಿ ಹಿಮ್ಮಡಿ ಪೂರ್ತಿ ಇಳಿದಾಗ ದಂಡ ಸರಿಯಾಗಿ ಒಂದು ತುದಿಯಲ್ಲಿ ನಿಲ್ಲಬೇಕು. ಹಾಗೆ ನಿಲ್ಲಿಸಿ, ದಾರ ಸುತ್ತಿ, ಸ್ಪ್ರಿಂಗ್ ಎಳೆದು, ಇನ್ನೇನು ಗಂಟು ಬಿತ್ತು ಅನ್ನುವಷ್ಟರಲ್ಲಿ ಪುರ್ರೆಂದು ಎಲ್ಲ ಬಿಚ್ಚಿಕೊಂಡಿತು. ಎರಡನೇ ಸಲವೂ ಅದೇ ಕತೆ. ಮೂರನೇ ಸಲ ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದೆ. ಪೆಡಲ್ ಮಾಡಿದವರು ಮನುಷ್ಯನಿಗೆ ಮೂರು ಕೈ ಅಂದುಕೊಂಡಿರಬೇಕು.

ಕೊನೆಗೆ ಎಲ್ಲ ಜೋಡಿಸಿ ತಂತಿ ಮೀಟಿದೆ. ಮೆಲ್ಲಗೆ ಒತ್ತಿದೆ. ಕರಕರ ಇಲ್ಲ. ಸ್ವರವೂ ಇಲ್ಲ! ಗಾಬರಿಯಾಗಿ ಕಾಲು ಹಿಂದೆ ತೆಗೆದರೆ ಗಿಟಾರ್ ಅಬ್ಬರಿಸಿತು. ಒತ್ತಿದರೆ ಮೌನ, ಬಿಟ್ಟರೆ ಗದ್ದಲ.

ಫೋಟೊ ತೆಗೆದು ನೋಡಿದೆ. ಫೋಟೊ ಸರಿಯಾಗೇ ಇತ್ತು. ಬೆಸೆಯುವಾಗ ನಾನು ಅದನ್ನು ತಲೆಕೆಳಗಾಗಿ ಇಟ್ಟುಕೊಂಡಿದ್ದೆ. ನಡುವಿನ ವೈರ್ ಒಂದು ಮಾತ್ರ ಅದರ ಜಾಗದಲ್ಲಿತ್ತು.