ನಾಣ್ಯದ ಲೆಕ್ಕದ ಶಾರ್ಟ್‌ಕಟ್ ತಪ್ಪು, ಫಾರ್ವರ್ಡ್ ಮಾಡ್ಬೇಡಿ

ಮಡಿಕೇರಿ, ಕುಶಾಲನಗರದ ಪೇರೆಂಟ್ಸ್ ಗ್ರೂಪಲ್ಲಿ ಓಡಾಡ್ತಿರೋ ಲೆಕ್ಕ ನೋಡಿದ್ರಲ್ವಾ, 2 ರೂಪಾಯಿ 5 ರೂಪಾಯಿ ನಾಣ್ಯ ಸೇರಿ 23, ಒಟ್ಟು 70 ರೂಪಾಯಿ, ಯಾವ್ದು ಎಷ್ಟು ಅಂತ. 70ನ್ನ 7ರಿಂದ ಭಾಗಿಸಿ, ತಲಾ 10 ಅಂತ ಅದ್ರಲ್ಲಿದೆ. ಅದು ತಪ್ಪು. 10 ಮತ್ತು 10 ಸೇರಿದ್ರೆ 20 ನಾಣ್ಯ ಆಯ್ತು, ಇನ್ನು 3 ಎಲ್ಲಿ? ಎರಡೂ ಬಗೆ ಸಮ ಇದ್ರೆ ಮಾತ್ರ ಆ ದಾರಿ ಸರಿ.

ಐದರ ನಾಣ್ಯ x ಅಂದ್ರೆ ಎರಡರದ್ದು 23 − x, ಆಮೇಲೆ ಎಣಿಕೆನ ಬೆಲೆಯಿಂದ ಗುಣಿಸ್ಬೇಕು, ಮಕ್ಕಳು ಎಡವೋದು ಇಲ್ಲೇ: 5x + 2(23 − x) = 70, ಅಂದ್ರೆ 3x = 24, x = 8. ಐದರದ್ದು 8, ಎರಡರದ್ದು 15. ಮಗಳ ಹುಂಡಿ ಒಡ್ದು ಜಗಲಿ ಮೇಲೆ ಜೋಡಿಸಿ ನೋಡಿದ್ವಿ, 40 ಮತ್ತು 30, ಸರಿಯಾಗಿ 70. ಹಳೇ ಮೆಸೇಜ್ ದಯವಿಟ್ಟು ಮುಂದೆ ಕಳಿಸ್ಬೇಡಿ, ಕಳಿಸಿದ್ರೆ ಅಲ್ಲೇ ಇದನ್ನೂ ಹಾಕಿ.