ಸರಸ್ವತಿಗೆ ಕಟ್ಟಿದ ಉಡಿ

ಹುಬ್ಬಳ್ಳಿಯಿಂದ ಗದಗಕ್ಕೆ ರೈಲು ಹತ್ತಿದಾಗ ಅವ್ವನ ಕೈಚೀಲ ನನ್ನ ಬ್ಯಾಗಿಗಿಂತ ಭಾರವಾಗಿತ್ತು. ನಾನು ಹೊರಟಿದ್ದು ಸರಸ್ವತಿ ಗುಡಿಯ ಕಂಬ ನೋಡಲು, ಅವ್ವ ಹೊರಟಿದ್ದು ಸರಸ್ವತಿಗೆ ಉಡಿ ತುಂಬಲು. ಅಲ್ಲಿಯ ಮೂರ್ತಿ ಮುರಿದು ಭಿನ್ನವಾಗಿದೆ, ಅದಕ್ಕೆ ಪೂಜೆಯಿಲ್ಲ ಅನ್ನೋದು ನನಗೆ ಗೊತ್ತಿತ್ತು. ಹೇಳಿದರೆ ಬರುವುದಿಲ್ಲ ಅಂತ ಸುಮ್ನಿದ್ದೆ.

ನಮ್ಮ ಕಡೆ ಉಡಿ ಅಂದರೆ ತಮಾಷೆಯಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಐದು ಅರಿಷಿಣ ಕೊಂಬು, ಐದು ಅಡಿಕೆ, ಎಲೆ, ಬಾಳೆಹಣ್ಣು, ಮೇಲೆ ತ್ರಿಕೋನವಾಗಿ ಮಡಿಚಿದ ಗುಳೇದಗುಡ್ಡದ ಖಣ. ಉತ್ತತ್ತಿ ನಾಲ್ಕೇ ಇದ್ದರೆ ಇಡೀ ಮನೆ ಡಬ್ಬಿ ತಡಕಾಡುತ್ತದೆ. ಮಗಳು ತವರಿನಿಂದ ಹೊರಟರೂ ಉಡಿ, ಬಸುರಿಯಾದರೂ ಉಡಿ, ಊರದೇವಿ ದ್ಯಾಮವ್ವನ ಜಾತ್ರೆ ಬಂದರೂ ಉಡಿ. ದೇವಿಗೂ ಮಗಳಿಗೂ ಒಂದೇ ಪಟ್ಟಿ. ಅದಕ್ಕೆ ಅವ್ವನದೊಂದು ಕಾಯಿದೆಯೂ ಇದೆ: ದೇವಿಗೆ ಅಂತ ಮನೆಯಿಂದ ಹೊರಬಿದ್ದ ಉಡಿ ತಿರುಗಿ ಹೊಸ್ತಿಲು ದಾಟಿ ಒಳಗೆ ಬರಬಾರದು.

ಗದಗದ ತ್ರಿಕೂಟೇಶ್ವರ ಗುಡಿಯ ಆವರಣ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿ ದೊಡ್ಡ ಗುಡಿಯ ಬಾಗಿಲು ಹಾಕಿಯಾಗಿತ್ತು. ಅದೇ ಆವರಣದಲ್ಲಿರುವ ಸರಸ್ವತಿ ಗುಡಿಗೆ ನಡೆದೆವು. ಕಲ್ಯಾಣದ ಚಾಲುಕ್ಯರ ಕಾಲದ್ದು, ಒಂಬೈನೂರು ವರ್ಷದ ಆಚೀಚೆ. ಅದರ ಮುಖಮಂಟಪದ ಕಂಬಗಳ ಬಗ್ಗೆ ಎಷ್ಟು ಓದಿದ್ದರೂ ಎದುರಿಗೆ ನಿಂತಾಗ ಮಾತು ಬರೋದಿಲ್ಲ. ಬುಡದಿಂದ ತುದಿವರೆಗೆ ಪುಟ್ಟ ಪುಟ್ಟ ಗೂಡು, ಗೂಡಿಗೊಂದು ಮೂರ್ತಿ, ನಡುವೆ ಬಳ್ಳಿ, ಉಗುರಿಡಲೂ ಜಾಗ ಬಿಟ್ಟಿಲ್ಲ. ಇಷ್ಟು ಕೆತ್ತಲು ಆಗಿದ್ದು ಕಲ್ಲಿನ ಗುಣದಿಂದ. ಇದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಬಾದಾಮಿ ಚಾಲುಕ್ಯರ ಮರಳುಗಲ್ಲು ಬಿಟ್ಟು ಈ ಕಲ್ಲು ಹಿಡಿದವರು ಈ ಕಲ್ಯಾಣದವರು. ನಾವು ಆಗಷ್ಟೇ ದಾಟಿ ಬಂದ ಅಣ್ಣಿಗೇರಿಯ ಅಮೃತೇಶ್ವರ ಗುಡಿ, 1050ರದ್ದು, ಆ ಬದಲಾವಣೆಯ ಮೊದಮೊದಲಿನ ಗುಡಿ ಅಂತಾರೆ.

ಅವ್ವನಿಗೆ ಇದರಲ್ಲಿ ಹಿಡಿಸಿದ್ದು ಒಂದೇ ಮಾತು. 'ಪಾಟಿ ಮ್ಯಾಲೆ ಬರೀತಿದ್ವಲ್ಲ, ಆ ಬಳಪೇನ? ಸರಸ್ವತಿ ಗುಡಿ ಬಳಪದಾಗ ಕಟ್ಟ್ಯಾರಂದ್ರ ಶಾಣ್ಯಾರ ಬಿಡು.'

ಆಮೇಲೆ ಒಳಗೆ ನೋಡಿದಳು. ದೀಪ ಇಲ್ಲ, ಹೂವಿಲ್ಲ, ಮೂರ್ತಿ ಮುರಿದದ್ದು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನ್ನ ಕಡೆ ತಿರುಗಿದಾಗ ಆ ಮುಖದಲ್ಲಿ, ನಿನಗೆ ಮೊದಲೇ ಗೊತ್ತಿತ್ತಲ್ಲ ಅನ್ನೋದು ಓದಲು ಯಾವ ಶಾಸನತಜ್ಞರೂ ಬೇಕಿರಲಿಲ್ಲ.

ನನಗೆ ನೆನಪಾದದ್ದು ನಮ್ಮೂರ ದ್ಯಾಮವ್ವ. ಆಕೆ ಕಟ್ಟಿಗೆಯವಳು. ಬಣ್ಣ ಹೋಗುತ್ತದೆ, ಬೆರಳು ಸಡಿಲವಾಗುತ್ತದೆ. ಜಾತ್ರೆಗೆ ಮುಂಚೆ ರಿಪೇರಿಯಾಗಿ, ಹೊಸ ಬಣ್ಣ ಬಳಿಸಿಕೊಂಡು, ಕೆಂಪಗೆ ಕಣ್ಣರಳಿಸಿ ಮತ್ತೆ ಬಂದು ಕೂರುತ್ತಾಳೆ, ಊರಿಗೆ ಊರೇ ಉಡಿ ಹಿಡಿದು ಸಾಲು ನಿಲ್ಲುತ್ತದೆ. ಕಲ್ಲಿನವಳಿಗೆ ಆ ಅನುಕೂಲ ಇಲ್ಲ. ಇಷ್ಟು ಚಂದದ ಮನೆ ಕಟ್ಟಿಸಿಕೊಂಡವಳು ಒಂದು ಏಟಿಗೆ ಪೂಜೆಯನ್ನೇ ಕಳೆದುಕೊಂಡಳು. ಕಂಬ ನೋಡಲು ಜನ ಬರುತ್ತಾರೆ, ಫೋಟೊ ಹೊಡೆದುಕೊಳ್ಳುತ್ತಾರೆ (ನಾನೂ ಇಪ್ಪತ್ತು ಹೊಡೆದಿದ್ದೆ), ಅವಳ ಹತ್ತಿರ ಏನೂ ಕೇಳುವುದಿಲ್ಲ. ಈ ವಿಷಯದಲ್ಲಿ ನನಗೆ ದ್ಯಾಮವ್ವನ ಕಡೆಯವರ ಬುದ್ಧಿಯೇ ಜಾಸ್ತಿ ಸರಿ ಅನಿಸುತ್ತದೆ.

'ಈಗೇನ್ ಮಾಡೂದು ಇದನ್ನ?' ಅಂದಳು ಅವ್ವ, ಚೀಲ ತೋರಿಸಿ.

ದೊಡ್ಡ ಗುಡಿಯ ಬಾಗಿಲ ಮುಂದೆ ಇಟ್ಟು ಹೋಗೋಣ ಅಂದೆ. 'ಬಾಗಲಾಗ ಇಟ್ಟ ಹೋಗಾಕ ಅದೇನ್ ಹಾಲಿನ ಪಾಕೀಟೇನ?' ಸಂಜೆವರೆಗೆ ಕಾದರೆ ರೈಲು ತಪ್ಪುತ್ತದೆ. ವಾಪಸ್ ಒಯ್ದರೆ ಕಾಯಿದೆ ಮುರಿಯುತ್ತದೆ. ಅವ್ವ ಕಂಬಕ್ಕೆ ಒರಗಿ ಕೂತಳು. ಮೊಣಕಾಲು ಒತ್ತಿಕೊಂಡಳು. ಆಮೇಲೆ ಸರಸ್ವತಿಯ ಕಡೆ ಒಮ್ಮೆ ನೋಡಿ, 'ನೀನ ಹಿಡಿ ಉಡಿ' ಅಂದಳು.

ನಾನು ಹಾಕಿಕೊಂಡಿದ್ದು ಚೂಡಿದಾರ, ಸೆರಗೆಲ್ಲಿಂದ ತರಲಿ? ವೇಲನ್ನೇ ಹರಡಿದೆ. ದೇವಿಗೆ ಬೆನ್ನು ಮಾಡಿ ಕೂರಬೇಡ, ಸ್ವಲ್ಪ ಸರಿ ಅಂತ ಕೂರಿಸಿದಳು. ಕುಂಕುಮ ಹಚ್ಚಿ, ಖಣ ಇಟ್ಟು, ಐದು ಬೊಗಸೆ ಅಕ್ಕಿ ಹಾಕಿದಳು. ವೇಲು ನುಣುಪು, ಕಾಲು ಭಾಗ ಜಾರಿ ನೆಲಕ್ಕೆ. ದೂರದಿಂದ ನೋಡುತ್ತಿದ್ದ ಕಾವಲಿನವ ಬಂದು, 'ಬೇ ಯವ್ವಾ, ಕಾಯಿ ಮಾತ್ರ ಇಲ್ಲೆ ಒಡೀಬ್ಯಾಡ್ರಿ' ಅಂದ. ಒಡೆಯುವುದಿಲ್ಲಪ್ಪ ಅಂತ ಅವ್ವ ಬಿದ್ದ ಅಕ್ಕಿಯನ್ನು ಕಾಳು ಕಾಳಾಗಿ ಆರಿಸಿ ನನ್ನ ಉಡಿಗೇ ಹಾಕಿದಳು. ಒಂದು ಬಾಳೆಹಣ್ಣು ಅವನಿಗೂ ಹೋಯಿತು.

'ಅಲ್ವಾ, ಇದು ಮನೆಗೆ ಬರಬಾರದಿತ್ತಲ್ಲ?' ಅಂತ ಕೆಣಕಿದೆ.

'ದೇವೀದು ಬರಬಾರದು. ಮಗಳದು ಬರಬಹುದು.'

ಮನೆ ಮುಟ್ಟುವ ತನಕ ಗಂಟು ಬಿಚ್ಚಬೇಡ ಅಂತ ಇನ್ನೊಂದು ಕಾಯಿದೆ ಹೊರಡಿಸಿ ಅವ್ವ ರೈಲಿನಲ್ಲಿ ನಿದ್ದೆ ಹೋದಳು. ಅಣ್ಣಿಗೇರಿ ದಾಟಿದ ಮೇಲೆ ಟಿಸಿ ಬಂದ. ಟಿಕೆಟ್ ಮೇಲಿನ ಬ್ಯಾಗಿನಲ್ಲಿತ್ತು, ನನ್ನ ಎರಡೂ ಕೈ ಉಡಿ ಹಿಡಿದಿದ್ದವು. ಆತ ನನ್ನ ಹಣೆಯ ಕುಂಕುಮ ನೋಡಿದ, ಮಡಿಲಿನ ಗಂಟು ನೋಡಿದ, ಬ್ಯಾಗನ್ನು ತಾನೇ ಇಳಿಸಿಕೊಟ್ಟು, ನಾನು ಒಂದು ಕೈಯಲ್ಲಿ ಜಿಪ್ಪು ಎಳೆಯುವುದನ್ನು ಕಾಯುತ್ತ ನಿಂತ.