ಸೈಡ್ ಮಿರರ್‌ಗೆ ಎಲ್‌ಇಡಿ ಇಂಡಿಕೇಟರ್ ಬೇಕಾ?

ಪರ: ಪಕ್ಕದಲ್ಲಿರುವವನಿಗೂ ಕಾಣಲಿ ಬಿಡಿ

ಇಂಡಿಕೇಟರ್ ಇರುವುದು ಯಾರಿಗಾಗಿ? ಓಡಿಸುವವನಿಗಂತೂ ಅಲ್ಲ. ಅವನಿಗೆ ಡ್ಯಾಶ್‌ಬೋರ್ಡಿನ ಟಿಕ್ ಟಿಕ್ ಸಾಕು. ಅದು ಇರುವುದು ಹೊರಗಿನವರಿಗೆ. ಆ ಹೊರಗಿನವರಲ್ಲಿ ನಾನೂ ಒಬ್ಬ, ದಿನಾ ಬೈಕಿನಲ್ಲಿ ಓಡಾಡುವವನು. ಹಾಗಾಗಿ ನಾನು ಮಾತಾಡುತ್ತಿರುವುದು ಕಾರಿನವರ ಪರವಾಗಿ ಅಲ್ಲ, ಕಾರಿನ ಪಕ್ಕದಲ್ಲಿ ಸಿಕ್ಕಿಕೊಂಡವರ ಪರವಾಗಿ.

ಬೈಕು ಕಾರಿನ ಹಿಂಬಾಗಿಲ ಪಕ್ಕಕ್ಕೆ ಬಂದಿದೆ ಅಂದುಕೊಳ್ಳಿ. ಕಾರಿನ ಹಿಂದಿನ ಇಂಡಿಕೇಟರ್ ಆಗಲೇ ನಮ್ಮ ಬೆನ್ನ ಹಿಂದೆ ಹೋಗಿದೆ. ಮುಂದಿನದು ಬಂಪರ್ ಮೂಲೆಯಲ್ಲಿ ಮುಂದಕ್ಕೆ ಮುಖ ಮಾಡಿಕೊಂಡು ಮಿನುಗುತ್ತಿದೆ, ನಮಗೆ ಕಾಣಲ್ಲ. ಫೆಂಡರ್ ಮೇಲೆ, ಅಂದರೆ ಮುಂದಿನ ಚಕ್ರದ ಮೇಲಿನ ತಗಡಿನಲ್ಲಿ, ಒಂದು ಪುಟ್ಟ ದೀಪ ಇದ್ದರೆ ಇತ್ತು. ಅದರೊಳಗಿನ 5 ವ್ಯಾಟ್ ಬಲ್ಬು ಉರಿಬಿಸಿಲಿನಲ್ಲಿ ಹೊತ್ತಿದೆಯೋ ಆರಿದೆಯೋ ಹೇಳುವುದು ಕಷ್ಟ. ಕಾರಿನ ಮೈಯಿಂದ ಹೊರಗೆ ಚಾಚಿಕೊಂಡು, ನಮ್ಮ ಕಣ್ಣಿಗೆ ನೇರ ಬೀಳುವ ಭಾಗ ಒಂದೇ. ಅದು ಸೈಡ್ ಮಿರರ್. ದೀಪ ಇರಬೇಕಾದ ಜಾಗ ಅದೇ ಅಲ್ವಾ?

ಇದು ನನ್ನ ತಲೆಯಲ್ಲಿ ಹುಟ್ಟಿದ ಐಡಿಯಾ ಅಲ್ಲ. 1998ರಲ್ಲೇ ಮರ್ಸಿಡಿಸ್ ಬೆಂಜ್ ತನ್ನ ಎಸ್ ಕ್ಲಾಸ್ ಕಾರಿನ ಕನ್ನಡಿಯಲ್ಲಿ ಇಂಡಿಕೇಟರ್ ಕೂರಿಸಿತು. ಈಗ ಸಣ್ಣ ಕಾರುಗಳ ಟಾಪ್ ಮಾಡೆಲ್‌ನಲ್ಲೂ ಅದು ಬರುತ್ತದೆ. ಬೇಸ್ ಮಾಡೆಲ್ ತಗೊಂಡವರಿಗೆ ಮಾತ್ರ ಖಾಲಿ ಪ್ಲಾಸ್ಟಿಕ್ ಕವರ್. ಅಂದರೆ ಟಾಪ್ ಮಾಡೆಲ್ ಕಾರಿನ ಪಕ್ಕ ಹೋಗುವ ಬೈಕಿನವನಿಗೆ ಸೂಚನೆ ಸಿಗಬೇಕು, ಬೇಸ್ ಮಾಡೆಲ್ ಪಕ್ಕ ಹೋಗುವವನಿಗೆ ಬೇಡ. ಇದು ಯಾವ ಲೆಕ್ಕ?

ವಾಹನದ ದೀಪಗಳ ಬಗ್ಗೆ ವಿಶ್ವಸಂಸ್ಥೆಯ 48ನೇ ನಿಯಮ ಅಂತ ಒಂದಿದೆ. ಅದರ ಪ್ರಕಾರ ಕಾರಿನ ಬದಿಯಲ್ಲೂ ಇಂಡಿಕೇಟರ್ ಇರಲೇಬೇಕು. ಅದು ಹಿಂದಿನ ದಿಕ್ಕಿನಲ್ಲಿ 5 ಡಿಗ್ರಿಯಿಂದ 60 ಡಿಗ್ರಿವರೆಗೆ ಕಾಣಬೇಕು. 5 ಡಿಗ್ರಿ ಅಂದರೆ ಹೆಚ್ಚುಕಮ್ಮಿ ಕಾರಿಗೆ ಮೈ ಒತ್ತಿಕೊಂಡು ಬರುತ್ತಿರುವವನು. ನಾನು ಹೇಳುತ್ತಿರುವ ಬೈಕಿನವನೇ! ಅಮೆರಿಕದಲ್ಲಂತೂ ಕಾರಿಗೆ ಬದಿಯ ಇಂಡಿಕೇಟರ್ ಕಡ್ಡಾಯವೇ ಅಲ್ಲ. ಅಲ್ಲಿನವರು ಆಮೇಲೆ ಕೂರಿಸುವ ಎಲ್‌ಇಡಿ ಕಿಟ್ ತಂದು ಹಾಕಿಸಿಕೊಂಡರೆ ಅದನ್ನು ಶೋಕಿ ಅನ್ನುವುದು ಹೇಗೆ?

ಇನ್ನು ಎಲ್‌ಇಡಿಯೇ ಯಾಕೆ ಅಂತ ಕೇಳಬಹುದು. ಹಳೇ ಬಲ್ಬಿನ ತಂತಿ ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡು ಬೇಕು. ಎಲ್‌ಇಡಿ ಒತ್ತಿದ ತಕ್ಷಣ ಪೂರ್ತಿ ಹೊತ್ತುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ 0.2 ಸೆಕೆಂಡಿನಲ್ಲಿ ನನ್ನ ಬೈಕು 3 ಮೀಟರಿಗಿಂತ ಜಾಸ್ತಿ ಹೋಗಿರುತ್ತದೆ. ಕಾರು ತಿರುಗಲು ನಿಂತಿದ್ದರೆ, 3 ಮೀಟರ್ ಅಂದರೆ ಹಿಂಬಾಗಿಲಿನ ಪಕ್ಕ ಇದ್ದವನು ಮುಂದಿನ ಚಕ್ರದ ಹತ್ತಿರ ಬಂದಿರುತ್ತಾನೆ.

ನನಗೆ ತುಂಬಾ ಇಷ್ಟವಾದ ಬಗೆ ಬೇರೊಂದಿದೆ. ಗಾಜಿನ ಹಿಂದೆ ಎಲ್‌ಇಡಿ ಬಾಣ ಕೂರಿಸುತ್ತಾರೆ. ಆರಿದಾಗ ಅದು ಬರೀ ಕನ್ನಡಿ, ಗೆರೆಯೂ ಕಾಣಲ್ಲ. ಇಂಡಿಕೇಟರ್ ಹಾಕಿದ ಕೂಡಲೇ ಗಾಜಿನೊಳಗಿಂದ ಹಳದಿ ಬಾಣ ಮೂಡುತ್ತದೆ. ಅದು ಹೊಳೆಯುವುದು ಪಕ್ಕದಲ್ಲಿ ಹಿಂದೆ ಇರುವವನ ಕಡೆಗೆ, ಡ್ರೈವರ್ ಕಣ್ಣಿಗೆ ಕುಕ್ಕುವುದಿಲ್ಲ. ಎಷ್ಟು ಚೆಂದದ ಕೆಲಸ ಅದು!

ಎದುರು ಪಕ್ಷದವರು ಏನು ಹೇಳುತ್ತಾರೆ ಅಂತ ನನಗೆ ಗೊತ್ತಿದೆ. ವೈರಿಂಗ್ ಸುಡುತ್ತದೆ, ವಾರಂಟಿ ಹೋಗುತ್ತದೆ, ಆಕಾಶ ಕಳಚಿ ಬೀಳುತ್ತದೆ. ಹಾಗೆ ಹೆದರುವವರು ಕಾರಿನಲ್ಲಿ ಮೊಬೈಲ್ ಚಾರ್ಜರನ್ನೂ ಚುಚ್ಚಬಾರದು. ನೀಲಿ, ನೇರಳೆ ಬಣ್ಣ ಹಾಕಿಸಿ ಮೆರೆಯುವವರನ್ನು ನನ್ನ ತಲೆಗೆ ಕಟ್ಟಬೇಡಿ, ಅವರ ಪರವಾಗಿ ನಾನು ಒಂದು ಸಾಲೂ ಬರೆಯುವುದಿಲ್ಲ. ನಾನು ಕೇಳುತ್ತಿರುವುದು ಹಳದಿ ದೀಪ, ಕನ್ನಡಿಯ ಮೇಲೆ, ತಿರುಗುವ ಮುಂಚೆ. ಕಾರು ಚೆನ್ನಾಗಿ ಕಾಣಲಿ ಅಂತ ಹಾಕಿಸಿಕೊಂಡರೂ ನನ್ನ ತಕರಾರಿಲ್ಲ. ಹಾಕಿಸಿಕೊಳ್ಳಿ.

ವಿರೋಧ: ಆಮೇಲೆ ಅಂಟಿಸುವುದು ಬೇಡ

ವಿರೋಧದ ಪಕ್ಷ ನನ್ನ ಪಾಲಿಗೆ ಬಂತು. ನನ್ನ ಕಾರಿನ ಕನ್ನಡಿಯಲ್ಲೂ ಇಂಡಿಕೇಟರ್ ಇದೆ, ಕಾರಿನ ಜೊತೆಯೇ ಬಂದದ್ದು. ಹಾಗಾಗಿ ದೀಪದ ಮೇಲೆ ನನಗೇನೂ ಸಿಟ್ಟಿಲ್ಲ. ವಿರೋಧ ಏನಿದ್ದರೂ ಆಮೇಲೆ ತಂದು ಅಂಟಿಸುವ ದೀಪಕ್ಕೆ.

ಮೊದಲು ಹೇಳಲೇಬೇಕಾದ್ದನ್ನು ಹೇಳಿ ಮುಗಿಸುತ್ತೇನೆ. ಕನ್ನಡಿಯ ಕವರ್ ಕೊರೆದರೆ ನೀರು ಇಳಿಯುತ್ತದೆ. ಮಡಚುವ ಕನ್ನಡಿಯಾದರೆ ಕೀಲಿನ ಹತ್ತಿರ ವೈರು ದಿನಾ ಬಾಗಿ ಬಾಗಿ ಒಳಗೊಳಗೇ ಎಳೆ ಕಡಿಯುತ್ತದೆ. ಬಿಂದುಗಳು ಒಂದಾದ ಮೇಲೊಂದು ಹೊತ್ತುತ್ತಾ ಸಾಲಾಗಿ ಓಡುವ ಇಂಡಿಕೇಟರಿಗೂ ಶಿಸ್ತು ಇದೆ: ಒಮ್ಮೆ ಹೊತ್ತಿದ ಬಿಂದು ಆ ಸುತ್ತು ಮುಗಿಯುವವರೆಗೆ ಆರಬಾರದು, ಓಟ 200 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಅಗ್ಗದ ಕಿಟ್‌ಗಳಿಗೆ ಇದ್ಯಾವುದೂ ಗೊತ್ತಿಲ್ಲ. ಅವು ಸೀರಿಯಲ್ ಸೆಟ್ ಹಾಗೆ ಓಡುತ್ತಲೇ ಇರುತ್ತವೆ. ಪಕ್ಕದವನಿಗೆ ಕಾಣಲಿ ಅನ್ನುವ ವಾದವೂ ಇದೆ. ಇಂಡಿಕೇಟರ್ ಹಾಕುವ ಅಭ್ಯಾಸವೇ ಇಲ್ಲದವನ ಕನ್ನಡಿಗೆ ಎಷ್ಟು ದೀಪ ಕೂರಿಸಿದರೆ ಏನು ಬಂತು?

ನನ್ನ ಭಾವಮೈದನ ಕಥೆ ಹೇಳಿದರೆ ಉಳಿದದ್ದು ಅರ್ಥವಾಗುತ್ತದೆ. ಎರಡೂ ಕನ್ನಡಿಗೆ ಎಲ್‌ಇಡಿ ಪಟ್ಟಿ ಹಾಕಿಸಿದ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಪಟ್ಟಿ ಥಟ್ಟನೆ ಹೊತ್ತುತ್ತದೆ, ಮುಂದಿನ ಹಳೇ ಬಲ್ಬು ನಿಧಾನಕ್ಕೆ. ಅವನಿಗೆ ಅದು ಸರಿಬರಲಿಲ್ಲ. ಮ್ಯಾಚ್ ಆಗಲಿ ಅಂತ ಮುಂದಿನ, ಹಿಂದಿನ ಬಲ್ಬುಗಳನ್ನೂ ಎಲ್‌ಇಡಿ ಮಾಡಿಸಿದ. ಅಲ್ಲಿಂದ ಶುರುವಾಯಿತು.

21 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಹತ್ತಿರ ಹತ್ತಿರ 1.75 ಆಂಪಿಯರ್ ಎಳೆಯುತ್ತದೆ. ಎಲ್‌ಇಡಿ ಎಳೆಯುವುದು ಅದರಲ್ಲಿ ಸ್ವಲ್ಪವೇ ಸ್ವಲ್ಪ. ಕಾರು ಈ ಕರೆಂಟನ್ನು ನೋಡಿಯೇ ಬಲ್ಬು ಇದೆಯೋ ಹೋಗಿದೆಯೋ ಅಂತ ತೀರ್ಮಾನಿಸುತ್ತದೆ. ಕಮ್ಮಿ ಕರೆಂಟು ಕಂಡಾಗ ಬಲ್ಬು ಸತ್ತಿದೆ ಅಂದುಕೊಂಡು ಇಂಡಿಕೇಟರನ್ನು ಎರಡರಷ್ಟು ಜೋರಾಗಿ ಬಡಿಯಿತು. ನಿಯಮದ ಪ್ರಕಾರ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಇವನದು ಗಾಬರಿ ಬಿದ್ದವರ ಹಾಗೆ ಮಿನುಗುತ್ತಿತ್ತು.

ಅದಕ್ಕೆ ಮದ್ದು ರೆಸಿಸ್ಟರ್, ಹಳೇ ಬಲ್ಬಿನ ಬದಲು ಕರೆಂಟು ಎಳೆದು ಕಾರನ್ನು ನಂಬಿಸುವ ಬಿಡಿಭಾಗ. 6 ಓಮ್‌ನ ಒಂದು ತುಂಡು, ಬಂಗಾರದ ಬಣ್ಣದ ಅಲ್ಯೂಮಿನಿಯಂ ಮೈ. ಅದರಲ್ಲಿ 2 ಆಂಪಿಯರ್ ಹರಿದು 24 ವ್ಯಾಟ್ ಸುಮ್ನೆ ಶಾಖವಾಗಿ ಹೋಗುತ್ತದೆ. ಅದನ್ನು ತಗಡಿಗೆ ಸ್ಕ್ರೂ ಹಾಕಿ ಕೂರಿಸಬೇಕು. ಹಾಕಿಕೊಟ್ಟವರು ಹೆಡ್‌ಲೈಟಿನ ಹಿಂದಿನ ಪ್ಲಾಸ್ಟಿಕ್ಕಿಗೆ ಡಬಲ್ ಟೇಪಿನಲ್ಲಿ ಅಂಟಿಸಿದ್ದರು. ಒಮ್ಮೆ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ತುಂಬಾ ಹೊತ್ತು ಹಜಾರ್ಡ್ ಹಾಕಿದ್ದ, ಅಂದರೆ ಎಲ್ಲಾ ಇಂಡಿಕೇಟರ್ ಒಟ್ಟಿಗೆ ಮಿನುಗಿಸಿದ್ದ. ಬಾನೆಟ್ ಎತ್ತಿದರೆ ಸುಟ್ಟ ವಾಸನೆ. ಟೇಪು ಕರಗಿ ಜಾರಿತ್ತು, ಪ್ಲಾಸ್ಟಿಕ್ಕಿನಲ್ಲಿ ರೆಸಿಸ್ಟರಿನ ಅಚ್ಚು ಬಿದ್ದಿತ್ತು, ವೈರಿನ ಹೊದಿಕೆ ಸುಕ್ಕುಗಟ್ಟಿತ್ತು.

ಅದನ್ನೂ ಸರಿ ಮಾಡಿಸಿಕೊಂಡ ಅನ್ನಿ. ನನಗೆ ನಿಜವಾಗಿ ಕಿರಿಕಿರಿಯಾದದ್ದು ಆಮೇಲೆ. ಮುಂದಿನ ಎಡಗಡೆಯ ಎಲ್‌ಇಡಿ ಬಲ್ಬು ಸತ್ತುಹೋಯಿತು. ರೆಸಿಸ್ಟರ್ ಕರೆಂಟು ಎಳೆಯುತ್ತಲೇ ಇದೆಯಲ್ಲ, ಹಾಗಾಗಿ ಕಾರಿನ ಲೆಕ್ಕದಲ್ಲಿ ಬಲ್ಬು ಗಟ್ಟಿಯಾಗಿದೆ. ಡ್ಯಾಶ್‌ಬೋರ್ಡಿನಲ್ಲಿ ಟಿಕ್ ಟಿಕ್ ಮಾಮೂಲಿನಂತೆ. ಅವನು ಎಷ್ಟು ದಿನ ಹಾಗೇ ಓಡಿಸಿದನೋ ಅವನಿಗೇ ಗೊತ್ತಿಲ್ಲ. ಎದುರಿಗೆ ನಿಂತಿದ್ದ ನಾನು ಹೇಳಬೇಕಾಯಿತು. ಹಳೇ ಬಲ್ಬು ಇದ್ದಿದ್ದರೆ ಕಾರೇ ಅವತ್ತೇ ಹೇಳುತ್ತಿತ್ತು.

"ಇದೆಲ್ಲ ಕಿತ್ತು, ಟಾಪ್ ಮಾಡೆಲ್‌ನ ಮಿರರ್ ಪೂರ್ತಿ ತಂದು ಹಾಕಿಸಿಬಿಡ್ತೀನಿ ಭಾವ, ವೈರು ಜೋಡಿಸೋ ಕಪ್ಲರ್ ಹಾಗೇ ಕೂರುತ್ತಂತೆ" ಅಂತ ಈಗ ಹೇಳುತ್ತಿದ್ದಾನೆ. ವಿರೋಧ ಬರೆಯಬೇಕಾದವನು ನಾನು ಬೇಡ ಅನ್ನಬೇಕಿತ್ತು. ಕಪ್ಲರ್‌ನಲ್ಲಿ ಇಂಡಿಕೇಟರ್ ಪಿನ್‌ಗೆ ವೈರು ಬಂದಿದೆಯಾ ಅಂತ ಮೊದಲು ನೋಡು ಅಂದೆ.